ಸೂಟಿಯಲ್ಲಿ ‘ಮುಂದೇನು’ ಎಂಬುದು ಮಗುವಿಗೆ ಕಾಣಲಿ

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಸೂಟಿ. ಆಟಿಸಂ (ಜನರೊಡನೆ ಬೆರೆಯುವುದು, ಬದಲಾವಣೆಗೆ ಒಗ್ಗುವುದು ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಅಥವಾ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಎಷ್ಟೋ ಮಕ್ಕಳಿಗೆ ಇದು ಬಿಡುವಲ್ಲ, ಗೊಂದಲ. ಶಾಲೆಯ ಗಂಟೆ, ಪ್ರಾರ್ಥನೆ, ಡಬ್ಬಿ ತೆಗೆಯುವ ಹೊತ್ತು, ವ್ಯಾನಿನ ಹಾರ್ನ್ ಹೀಗೆ ದಿನದ ಗುರುತುಗಳೆಲ್ಲ ಒಮ್ಮೆಲೇ ಇಲ್ಲವಾಗುತ್ತವೆ. ಕೇಳಿದ್ದನ್ನೇ ಕೇಳುವುದು, ಸಣ್ಣದಕ್ಕೂ ಚೀರುವುದು, ನಿದ್ದೆಗೆಡುವುದು ಬಹಳ ಸಲ ಹಟವಲ್ಲ. ಮುಂದೇನು ಎಂದು ತಿಳಿಯದ ಕಳವಳ. ದಿನದ ಕೆಲಸಗಳನ್ನು ಒಂದಾದ ಮೇಲೊಂದರಂತೆ ಚಿತ್ರಗಳಲ್ಲಿ ಗೋಡೆಯ ಮೇಲೆ ಕಾಣಿಸುವುದೇ ಮೊದಲ ಕೆಲಸ.

ಚಿತ್ರಪಟ್ಟಿ ಹೀಗೆ ಮಾಡಿ

ಮಗು ದಿನವೂ ಬಳಸುವ ವಸ್ತುಗಳ ಫೋಟೊವನ್ನೇ ತೆಗೆಯಿರಿ: ಜಳಕದ ಬಕೆಟ್ಟು, ಊಟದ ತಾಟು, ಸೈಕಲ್ಲು, ಹಾಸಿಗೆ. ಕಾರ್ಟೂನ್ ಬಕೆಟ್ಟೂ ಮನೆಯ ಬಕೆಟ್ಟೂ ಒಂದೇ ಎಂದು ಕೆಲವು ಮಕ್ಕಳಿಗೆ ಹೊಳೆಯುವುದಿಲ್ಲ. ಅಂಗೈ ಅಗಲಕ್ಕೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಹಿಂದೆ ವೆಲ್‌ಕ್ರೊ ಅಂಟಿಸಿ. ವೆಲ್‌ಕ್ರೊ ಇಲ್ಲದಿದ್ದರೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರೂ ನಡೆಯುತ್ತದೆ. ಮಗುವಿನ ಕಣ್ಣಿನ ಎತ್ತರಕ್ಕೆ, ಮೇಲಿನಿಂದ ಕೆಳಕ್ಕೆ ಜೋಡಿಸಿ. ತುದಿಗೊಂದು ಲಕೋಟೆ ಇರಲಿ. ಮುಗಿದ ಕೆಲಸದ ಚಿತ್ರವನ್ನು ಮಗುವೇ ಅದರೊಳಗೆ ಹಾಕಬೇಕು.

ಒಮ್ಮೆಗೆ ಆರಕ್ಕಿಂತ ಹೆಚ್ಚು ಚಿತ್ರ ಬೇಡ. ಚಿಕ್ಕವರಿಗೆ, ಮಾತು ಇನ್ನೂ ಬಾರದವರಿಗೆ ಎರಡೇ ಸಾಕು: ‘ಮೊದಲ ಜಳಕ, ಆಮ್ಯಾಲೆ ಜೋಕಾಲಿ’. ಓದಬಲ್ಲವರಿಗೆ ಬರೆದ ಪಟ್ಟಿಯೇ ಆಗಬಹುದು. ಪಟ್ಟಿಯಲ್ಲಿ ಗಡಿಯಾರದ ಸಮಯ ಬರೆಯಲೇಬೇಡಿ. ಕರೆಂಟು ಹೋಗಿ ಹತ್ತು ನಿಮಿಷ ತಡವಾದರೂ ಮಗುವಿನ ಲೆಕ್ಕದಲ್ಲಿ ನೀವು ಮಾತು ತಪ್ಪಿದಂತೆ. ಕ್ರಮ ತಪ್ಪದಿದ್ದರೆ ಸಾಕು. ಏಳುವ, ಉಣ್ಣುವ, ಮಲಗುವ ಹೊತ್ತು ಮಾತ್ರ ಶಾಲೆಯ ದಿನಗಳಿಗಿಂತ ಅರ್ಧ ಗಂಟೆಗಿಂತ ಹೆಚ್ಚು ಆಚೀಚೆ ಆಗದಿರಲಿ. ಮೊಬೈಲಿಗೂ ಒಂದು ಚಿತ್ರವಿರಲಿ. ಅದರ ನಂತರ ಮಗುವಿಗೆ ಇಷ್ಟವಾದದ್ದೇ ಬರಬೇಕು. ಇಲ್ಲದಿದ್ದರೆ ಕೈಯಿಂದ ಬಿಡಿಸುವಾಗ ರಂಪವಾಗುತ್ತದೆ.

ಪಟ್ಟಿ ಕೆಡುವುದು ಹೆಚ್ಚಾಗಿ ದೊಡ್ಡವರಿಂದ. ಚಿತ್ರ ಬದಲಿಸದೆಯೇ ‘ಇವತ್ತು ಪಾರ್ಕ್ ಬ್ಯಾಡ’ ಎಂದುಬಿಡುತ್ತೇವೆ. ಅದಕ್ಕೆಂದೇ ಕಿತ್ತಳೆ ಬಣ್ಣದ ‘ಬದಲಾವಣೆ’ ಕಾರ್ಡೊಂದು ಮಾಡಿ. ಮೊದಲ ನಾಲ್ಕೈದು ಸಲ ಅದನ್ನು ಖುಷಿಯ ಬದಲಾವಣೆಗೇ ಬಳಸಿ: ಅವಲಕ್ಕಿಯ ಬದಲು ಮಾವಿನ ಸೀಕರಣಿ, ಮಲಗುವ ಮೊದಲು ಇನ್ನೊಂದು ಕತೆ. ಮೊದಲ ದಿನವೇ ಕೆಟ್ಟ ಸುದ್ದಿಗೆ ಬಳಸಿದರೆ ಆ ಕಾರ್ಡು ಕಂಡರೇ ಮಗು ಬೆದರುತ್ತದೆ.

ಬಿಸಿಲು, ನೀರು, ಮೈಕಸುವು

ಹೊರಗಿನ ಆಟ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ. ಹುಬ್ಬಳ್ಳಿಯ ಉಣಕಲ್ ಕೆರೆಗೋ ನೃಪತುಂಗ ಬೆಟ್ಟಕ್ಕೋ ಹೋಗುವುದಾದರೆ ವಾರದ ದಿನ, ನಸುಕಿನಲ್ಲಿ. ಭಾನುವಾರ ಸಂಜೆಯ ಗದ್ದಲಕ್ಕೆ ಬೇಡವೇ ಬೇಡ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಇಷ್ಟಪಡುವ ಮಗುವನ್ನು ಕಚೇರಿ ಸಮಯ ಕಳೆದ ಮೇಲೆ ಎರಡು ಸ್ಟಾಪು ಕರೆದೊಯ್ದರೆ ಸಾಕು.

ಬಾಯಾರಿಕೆ ಕೆಲವು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಕೇಳುತ್ತಾ ಕೂರಬೇಡಿ. ಗಂಟೆಗೊಮ್ಮೆ ಅದೇ ಲೋಟದಲ್ಲಿ ಅರ್ಧ ಲೋಟ ನೀರು ಅಥವಾ ಮಜ್ಜಿಗೆ ಕೊಡಿ.

ಮಧ್ಯಾಹ್ನ ಮನೆಯಲ್ಲೇ ಮೈಗೆ ಭಾರ ಬೀಳುವ ಕೆಲಸ ಹತ್ತು ಹದಿನೈದು ನಿಮಿಷ ಇರಲಿ: ಚಪಾತಿ ಹಿಟ್ಟು ನಾದುವುದು, ಎರಡು ಲೀಟರ್ ನೀರಿನ ಬಾಟಲಿ ಹೊತ್ತು ತರುವುದು, ಸುತ್ತಿದ ಗಾದಿಯನ್ನು ತಳ್ಳುವುದು. ಸ್ನಾಯು, ಕೀಲುಗಳ ಮೇಲೆ ಒತ್ತಡ ಬಿದ್ದ ಮೇಲೆ ಹಲವು ಮಕ್ಕಳು ನೆಮ್ಮದಿಯಾಗಿ ಕೂರುತ್ತಾರೆ. ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ) ಇರುವ ಮಗುವಿಗೆ ಓದು ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಇಡೀ ಸೂಟಿಯನ್ನು ಟ್ಯೂಷನ್ ಮಾಡುವುದು ಅನ್ಯಾಯ.

ಅಜ್ಜಿಯ ಊರಿಗೆ ಹೋಗುವಾಗ

ಹಾವೇರಿ, ಗದಗ ಕಡೆಯ ಹಳ್ಳಿಗೆ ಹೋಗುವವರು ಇದೊಂದನ್ನು ಮರೆಯಬಾರದು. ಆಟಿಸಂ ಇರುವ ಹಲವು ಮಕ್ಕಳನ್ನು ನೀರು ಸೆಳೆಯುತ್ತದೆ, ಅಪಾಯದ ಅರಿವು ಇರುವುದಿಲ್ಲ. ಊರು ಮುಟ್ಟಿದ ದಿನವೇ ಸುತ್ತಲಿನ ಬಾವಿ, ಕೆರೆ, ಕೃಷಿಹೊಂಡ ಎಲ್ಲೆಲ್ಲಿವೆ ಎಂದು ನೋಡಿ ಬನ್ನಿ. ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿ. ಮನೆ ತುಂಬ ಜನರಿದ್ದಾಗಲೇ ಮಗು ಕಣ್ತಪ್ಪುವುದು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ‘ಕಾಕಾ, ಹನ್ನೊಂದರ ತನಕಾ ನೀವು ನೋಡ್ರಿ’ ಎಂದು ಹೆಸರು ಹಿಡಿದು ಪಾಳಿ ಒಪ್ಪಿಸಿ. ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ. ಮಗು ಕಾಣದಿದ್ದರೆ ಮೊದಲು ನೀರಿರುವ ಕಡೆ ಓಡಿ, ಜೊತೆಗೇ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ.

ಹಿರಿಯರಿಗೆ ಹೋಗುವ ಮೊದಲೇ ಫೋನಿನಲ್ಲಿ ಹೇಳಿ: ‘ಅವ್ವಾ, ಅಂವ ಹಟ ಮಾಡೂದಿಲ್ಲ, ಗದ್ದಲಾದ್ರ ತಡಕೊಳ್ಳಾಕ ಆಗೂದಿಲ್ಲ. ಅತ್ತಾಗ ಯಾರೂ ಮಾತಾಡಸಬ್ಯಾಡ್ರಿ.’ ಚೀರಾಟ ಶುರುವಾದ ಮೇಲೆ ಬುದ್ಧಿಮಾತು ಕಿವಿಗೆ ಹೋಗುವುದಿಲ್ಲ. ಜನರನ್ನು ದೂರ ಮಾಡಿ, ಟಿವಿ ಆರಿಸಿ, ಹತ್ತಿರ ಸುಮ್ಮನೆ ಕುಳಿತಿರಿ. ಮದುವೆಗಾದರೆ ಬ್ಯಾಂಡಿನವರು ಬರುವ ಮೊದಲೇ ಹೋಗಿ, ಖಾಲಿ ಕೋಣೆಯೊಂದನ್ನು ಮಗುವಿಗೆ ತೋರಿಸಿಡಿ. ಮಗು ಚೆನ್ನಾಗಿರುವಾಗಲೇ ಹೊರಟುಬಿಡಿ.

ಔಷಧ ನಡೆಯುತ್ತಿದ್ದರೆ ಸೂಟಿ ಎಂದು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸಬೇಕೆಂದಿದ್ದವರಿಗೆ ಇದು ಅನುಕೂಲದ ಸಮಯ. ಆಟಿಸಂ ಮತ್ತು ಕಲಿಕಾ ನ್ಯೂನತೆ ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಸೇರಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಬಹುದು.

ಶಾಲೆ ತೆರೆಯಲು ಎರಡು ವಾರ ಇರುವಾಗ ಏಳುವ ಹೊತ್ತು ಶಾಲೆಯ ದಿನದ ಹೊತ್ತಿಗೆ ಬರುವವರೆಗೆ ಅದನ್ನು ಎರಡು ದಿನಕ್ಕೊಮ್ಮೆ ಹತ್ತು ನಿಮಿಷ ಬೇಗ ಮಾಡುತ್ತಾ ಬನ್ನಿ. ಹೊಸ ಯೂನಿಫಾರ್ಮನ್ನು ಮೂರು ಸಲ ಒಗೆದು ಮೆತ್ತಗೆ ಮಾಡಿ, ಕೊರಳ ಹಿಂದಿನ ಲೇಬಲ್ ಕತ್ತರಿಸಿ. ಬೂಟನ್ನು ಮನೆಯಲ್ಲೇ ದಿನಕ್ಕೆ ಕಾಲು ಗಂಟೆ ಹಾಕಿಸಿ. ಹೊಸ ಟೀಚರ್ ಯಾರೆಂದು ಶಾಲೆಯಲ್ಲಿ ಕೇಳಿ, ಒಪ್ಪಿದರೆ ಅವರದೊಂದು ಫೋಟೊ ತಂದು ಪಟ್ಟಿಗೆ ಹಚ್ಚಿ.