ಎರಡು ಫೋಟೊ, ಒಂದು ಕಮಾಂಡ್: ಟ್ರಾನ್ಸಿಷನ್ ಮಾಡುವುದು ಹೇಗೆ?

ಒಂದು ಫೋಟೊ ಕರಗುತ್ತಾ ಇನ್ನೊಂದು ಮೂಡಬೇಕು, ಇಷ್ಟೇ ಕೆಲಸ. ಇದಕ್ಕೆ ಕೆಲವರು ಭಾರಿ ಎಡಿಟಿಂಗ್ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ. ಇನ್ನು ಕೆಲವರು ಯಾವುದೋ ಉಚಿತ ವೆಬ್‌ಸೈಟ್‌ಗೆ ಫೋಟೊ ಕೊಟ್ಟು, ಮೂಲೆಯಲ್ಲಿ ಅವರ ಲೋಗೊ ಬಿದ್ದಿರುವ ವಿಡಿಯೊ ತರುತ್ತಾರೆ. ಎರಡೂ ಬೇಡ. ಎಫ್‌ಎಫ್‌ಎಂಪೆಗ್ ಮತ್ತು ಇಮೇಜ್‌ಮ್ಯಾಜಿಕ್ ಎಂಬ ಎರಡು ಉಚಿತ ಕಮಾಂಡ್ ಲೈನ್ ಸಾಧನಗಳು (ಟೈಪ್ ಮಾಡಿ ನಡೆಸುವಂಥವು) ಸಾಕು.

ಎರಡನ್ನೂ ಇನ್‌ಸ್ಟಾಲ್ ಮಾಡಿಕೊಳ್ಳಿ. ಎಫ್‌ಎಫ್‌ಎಂಪೆಗ್ 4.3 ಅಥವಾ ಅದಕ್ಕಿಂತ ಹೊಸದಿರಲಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಿಸುವ, ನಮಗೆ ಬೇಕಾದ ‘ಎಕ್ಸ್‌ಫೇಡ್’ ಫಿಲ್ಟರ್ ಬಂದಿದ್ದೇ ಆ ಆವೃತ್ತಿಯಲ್ಲಿ. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಚಿಕ್ಕಕ್ಷರ ಬಳಸಿ.

ಮೊದಲು ಅಳತೆ

ಹೆಚ್ಚಿನವರು ಎಡವುವುದು ಇಲ್ಲೇ. ಎಕ್ಸ್‌ಫೇಡ್‌ಗೆ ಎರಡೂ ಚಿತ್ರಗಳ ಅಗಲ, ಎತ್ತರ ಒಂದೇ ಇರಬೇಕು. ಒಂದು ಪಿಕ್ಸೆಲ್ ಆಚೀಚೆ ಆದರೂ ‘ಮೊದಲ ಇನ್‌ಪುಟ್‌ಗೂ ಎರಡನೆಯದಕ್ಕೂ ಹೊಂದುತ್ತಿಲ್ಲ’ ಎನ್ನುವ ಅರ್ಥದ ಉದ್ದನೆಯ ಎರರ್ ಕೊಟ್ಟು ನಿಲ್ಲುತ್ತದೆ. ಆಗ ಜನ ಟ್ರಾನ್ಸಿಷನ್ ಹೆಸರು ಬದಲಿಸಿ ಬದಲಿಸಿ ನೋಡುತ್ತಾರೆ. ತಪ್ಪು ಅಲ್ಲಿಲ್ಲ.

ಫೋನ್ ಫೋಟೊಗಳದ್ದು ಇನ್ನೊಂದು ಕಾಟ. ಉದ್ದಕ್ಕೆ ತೆಗೆದ ಫೋಟೊವನ್ನು ಎಷ್ಟೋ ಫೋನ್‌ಗಳು ಅಡ್ಡಡ್ಡವಾಗಿಯೇ ಉಳಿಸಿ, ‘ತೋರಿಸುವಾಗ ತಿರುಗಿಸಿ’ ಎಂಬ ಗುರುತನ್ನು ಫೈಲ್ ಒಳಗೆ ಇಡುತ್ತವೆ. ಗ್ಯಾಲರಿಯಲ್ಲಿ ಸರಿಯಾಗಿದ್ದದ್ದು ವಿಡಿಯೊದಲ್ಲಿ ಮಲಗಿಬಿಡುವುದು ಇದರಿಂದಲೇ. ಆದ್ದರಿಂದ ಎರಡೂ ಚಿತ್ರಗಳನ್ನು ಮೊದಲು ಹೀಗೆ ತಯಾರು ಮಾಡಿ (ಎರಡನೆಯದನ್ನು ಬಿ.ಪಿಎನ್‌ಜಿ ಎಂದು ಉಳಿಸಿ):

ಮ್ಯಾಜಿಕ್ ಒಂದು.ಜೆಪಿಜಿ -ಆಟೊ-ಓರಿಯಂಟ್ -ರೀಸೈಜ್ "1920ಎಕ್ಸ್1080^" -ಗ್ರ್ಯಾವಿಟಿ ಸೆಂಟರ್ -ಎಕ್ಸ್‌ಟೆಂಟ್ 1920ಎಕ್ಸ್1080 ಎ.ಪಿಎನ್‌ಜಿ

ಆಟೊ-ಓರಿಯಂಟ್ ಮಲಗಿದ ಫೋಟೊವನ್ನು ಎಬ್ಬಿಸುತ್ತದೆ. ಅಳತೆಯ ಕೊನೆಯ ಟೋಪಿ ಗುರುತಿನ ಅರ್ಥ, ‘ಚೌಕಟ್ಟು ಪೂರ್ತಿ ತುಂಬಲಿ, ಉಳಿದದ್ದು ಹೊರಗೆ ಚಾಚಲಿ’. ಹಾಗೆ ಚಾಚಿದ್ದನ್ನು ಎಕ್ಸ್‌ಟೆಂಟ್ ಕತ್ತರಿಸುತ್ತದೆ. ಡಬಲ್ ಕೋಟ್ ಬಿಡಬೇಡಿ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೋಪಿ ಗುರುತಿಗೆ ಬೇರೆ ಅರ್ಥ ಇದೆ, ಕೋಟ್ ಇಲ್ಲದಿದ್ದರೆ ಅದು ಇಮೇಜ್‌ಮ್ಯಾಜಿಕ್‌ಗೆ ತಲುಪುವುದೇ ಇಲ್ಲ. ಟೋಪಿಯ ಬದಲು ಆಶ್ಚರ್ಯಸೂಚಕ ಹಾಕಿ ಚಿತ್ರವನ್ನು ಎಳೆದು ಕೂರಿಸುವ ಅಡ್ಡದಾರಿ ಕೂಡ ಇದೆ. ದಯವಿಟ್ಟು ಬೇಡ, ಎಲ್ಲರ ಮುಖವೂ ಅಗಲವಾಗುತ್ತದೆ. ಎರಡೂ ಉದ್ದನೆಯ ಫೋಟೊಗಳಾದರೆ 1080ಎಕ್ಸ್1920 ಎಂದು ಅಳತೆ ತಿರುಗಿಸಿಕೊಳ್ಳಿ.

ಹಳೆಯ ಪಾಠಗಳಲ್ಲಿ ‘ಮ್ಯಾಜಿಕ್’ ಬದಲು ‘ಕನ್ವರ್ಟ್’ ಎಂದಿರುತ್ತದೆ. ಆವೃತ್ತಿ 7ರಿಂದ ಮ್ಯಾಜಿಕ್ ಅಂತಲೇ ಬರೆಯಿರಿ. ವಿಂಡೋಸ್‌ನಲ್ಲಂತೂ ಕನ್ವರ್ಟ್ ಎಂಬ ಬೇರೆಯೇ ಪ್ರೋಗ್ರಾಂ ಇದೆ. ಅದರ ಕೆಲಸ ಡಿಸ್ಕ್‌ನ ಫೈಲ್ ಸಿಸ್ಟಮ್ ಬದಲಿಸುವುದು, ಫೋಟೊಗೂ ಅದಕ್ಕೂ ಸಂಬಂಧ ಇಲ್ಲ.

ಆಮೇಲೆ ಸಮಯದ ಲೆಕ್ಕ

ಎಫ್‌ಎಫ್‌ಎಂಪೆಗ್ -ಲೂಪ್ 1 -ಟಿ 3 -ಐ ಎ.ಪಿಎನ್‌ಜಿ -ಲೂಪ್ 1 -ಟಿ 3 -ಐ ಬಿ.ಪಿಎನ್‌ಜಿ -ಫಿಲ್ಟರ್_ಕಾಂಪ್ಲೆಕ್ಸ್ "ಎಕ್ಸ್‌ಫೇಡ್=ಟ್ರಾನ್ಸಿಷನ್=ಫೇಡ್:ಡ್ಯುರೇಷನ್=1:ಆಫ್‌ಸೆಟ್=2" -ಪಿಕ್ಸ್_ಎಫ್‌ಎಂಟಿ ವೈಯುವಿ420ಪಿ ಔಟ್.ಎಂಪಿ4

ಲೂಪ್ (ಚಿತ್ರವನ್ನು ಮತ್ತೆ ಮತ್ತೆ ತೋರಿಸು) ಮತ್ತು ಟಿ (ಎಷ್ಟು ಸೆಕೆಂಡ್) ಪ್ರತಿ ‘ಐ’ಗೂ ಮುಂಚೆ ಬರಬೇಕು. ಎಫ್‌ಎಫ್‌ಎಂಪೆಗ್‌ನಲ್ಲಿ ಇಂಥ ಆಯ್ಕೆ ತನ್ನ ಮುಂದಿನ ಫೈಲ್‌ಗೆ ಮಾತ್ರ ಅನ್ವಯ. ಎರಡನೆಯದಕ್ಕೆ ಟಿ ಮರೆತರೆ ಆ ಚಿತ್ರಕ್ಕೆ ಕೊನೆಯೇ ಇಲ್ಲ, ವಿಡಿಯೊ ಬೆಳೆಯುತ್ತಲೇ ಹೋಗುತ್ತದೆ. ‘ಕ್ಯೂ’ ಒತ್ತಿ ನಿಲ್ಲಿಸಿ.

ಈಗ ಆಫ್‌ಸೆಟ್. ಡ್ಯುರೇಷನ್ ಎಂದರೆ ಬದಲಾವಣೆ ಎಷ್ಟು ಹೊತ್ತು ನಡೆಯಬೇಕು ಎಂಬುದು. ಆಫ್‌ಸೆಟ್ ಎಂದರೆ ಅದು ಯಾವಾಗ ಶುರುವಾಗಬೇಕು ಎಂಬುದು. ಬದಲಾಗುವಾಗ ಎರಡೂ ಚಿತ್ರಗಳು ಒಟ್ಟಿಗೆ ಇರಬೇಕು, ಅಲ್ವಾ? ಹಾಗಾಗಿ ಮೊದಲ ಚಿತ್ರದ ಅವಧಿಯಿಂದ ಡ್ಯುರೇಷನ್ ಕಳೆಯಿರಿ. ಇಲ್ಲಿ 3ರಲ್ಲಿ 1 ಕಳೆದರೆ 2. ‘ಮೊದಲನೆಯದು 3 ಸೆಕೆಂಡ್‌ಗೆ ಮುಗಿಯುತ್ತದೆ, ಆಗ ಶುರುವಾಗಲಿ’ ಎಂದು 3 ಅಥವಾ 4 ಕೊಟ್ಟವರಿಗೆ ಎರಡನೇ ಚಿತ್ರ ಕಾಣುವುದೇ ಇಲ್ಲ. ಒಟ್ಟು ವಿಡಿಯೊ 6 ಸೆಕೆಂಡ್ ಅಲ್ಲ, 5. ಆ ಒಂದು ಸೆಕೆಂಡ್ ಇಬ್ಬರ ಪಾಲಿನದು.

ಮೂರನೇ ಚಿತ್ರ ಸೇರಿಸಿದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ, ಮುಂದುವರಿಯುತ್ತದೆ. ಮೊದಲೆರಡು ಸೇರಿ ಆದ 5 ಸೆಕೆಂಡ್‌ನಲ್ಲಿ 1 ಕಳೆಯಿರಿ. ಎರಡನೇ ಆಫ್‌ಸೆಟ್ 4. ಅಲ್ಲೂ 2 ಎಂದೇ ಬರೆದರೆ ಮಧ್ಯದ ಫೋಟೊ ಅರೆಬರೆ ಮಿಂಚಿ ಮಾಯ.

ಕೊನೆಯ ಪಿಕ್ಸ್_ಎಫ್‌ಎಂಟಿ ಸುಮ್ನೆ ಅಲಂಕಾರಕ್ಕಲ್ಲ. ಅದಿಲ್ಲದೆ ಪಿಎನ್‌ಜಿಯಿಂದ ಮಾಡಿದ ವಿಡಿಯೊ ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿ, ಬೇರೆಯವರ ಫೋನ್‌ನಲ್ಲಿ ಓಡದೇ ಇರಬಹುದು. ಇನ್ನೊಂದು ಮಾತು: ಕಮಾಂಡನ್ನು ವರ್ಡ್ ಪ್ರೊಸೆಸರ್‌ನಲ್ಲಿ ಬರೆದಿಡಬೇಡಿ. ಅದು ನೇರ ಕೋಟ್‌ಗಳನ್ನು ಬಾಗಿಸಿಬಿಡುತ್ತದೆ. ಟರ್ಮಿನಲ್‌ಗೆ ಬಾಗಿದ ಕೋಟ್ ಅರ್ಥವಾಗುವುದಿಲ್ಲ.

ಎಫೆಕ್ಟ್ ಯಾವುದು?

ಫೇಡ್. ಅಷ್ಟೇ. ವೈಪ್‌ಲೆಫ್ಟ್, ಸ್ಲೈಡ್‌ಲೆಫ್ಟ್, ಸರ್ಕಲ್‌ಓಪನ್, ಪಿಕ್ಸೆಲೈಜ್ ಎಂದು ಡಜನ್‌ಗಟ್ಟಲೆ ಇವೆ. ಹೆಸರು ಬದಲಿಸಿದರೆ ಸಾಕು, ಕೆಲಸ ಮಾಡುತ್ತವೆ. ಆದರೆ ಒಂದೇ ವಿಡಿಯೊದಲ್ಲಿ ನಾಲ್ಕು ಬಗೆ ತುರುಕಿದರೆ ನೋಡುವವರಿಗೆ ಫೋಟೊ ನೆನಪಿರುವುದಿಲ್ಲ. ‘ಡಿಸಾಲ್ವ್’ ಹೆಸರಿಗೆ ಮೋಸಹೋಗಬೇಡಿ. ಅದು ಮೆಲ್ಲಗೆ ಕರಗಿಸುವುದಿಲ್ಲ, ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಮೆಲ್ಲಗೆ ಕರಗಿಸುವುದು ಫೇಡ್. ಮೂಡ್ ಬದಲಾಗಬೇಕಿದ್ದರೆ ಕಪ್ಪಿನ ಮೂಲಕ ಹಾದುಹೋಗುವ ‘ಫೇಡ್‌ಬ್ಲ್ಯಾಕ್’ ಬಳಸಿ.

ವಿಡಿಯೊ ಬೇಡ, ಗಿಫ್ ಸಾಕು ಎನ್ನುವವರಿಗೆ ಇಮೇಜ್‌ಮ್ಯಾಜಿಕ್ ಒಂದೇ ಸಾಕು:

ಮ್ಯಾಜಿಕ್ ಎ.ಪಿಎನ್‌ಜಿ ಬಿ.ಪಿಎನ್‌ಜಿ -ಮಾರ್ಫ್ 12 -ಸೆಟ್ ಡಿಲೇ 8 -ಲೂಪ್ 0 ಔಟ್.ಗಿಫ್

ಎರಡು ಚಿತ್ರಗಳ ನಡುವೆ 12 ಹೊಸ ಫ್ರೇಮ್ ಹುಟ್ಟುತ್ತವೆ. ಡಿಲೇ ಲೆಕ್ಕ ಸೆಕೆಂಡ್‌ನ ನೂರನೇ ಒಂದು ಭಾಗದಲ್ಲಿ. ಮಾರ್ಫ್ ಅಂತ ಹೆಸರಿದ್ದರೂ ಒಂದು ಮುಖ ತಿರುಚಿ ಇನ್ನೊಂದಾಗುವುದಿಲ್ಲ, ಇದೂ ಬರೀ ಕರಗಿಸುವುದೇ. ಲೋಗೊ, ರೇಖಾಚಿತ್ರಗಳಿಗೆ ಚೆನ್ನಾಗಿದೆ. ಫೋಟೊಗೆ ಬೇಡ: ಗಿಫ್‌ನ ಒಂದು ಫ್ರೇಮ್‌ಗೆ ಸಾಮಾನ್ಯವಾಗಿ ಸಿಗುವುದು 256 ಬಣ್ಣ ಮಾತ್ರ, ಆಕಾಶವೆಲ್ಲ ಪಟ್ಟೆ ಪಟ್ಟೆಯಾಗುತ್ತದೆ. ಸಾಲದ್ದಕ್ಕೆ ಫೈಲ್ ಕೂಡ ಎಂಪಿ4ಗಿಂತ ಜಾಸ್ತಿ ದಪ್ಪ.