18 ತುಂಬಿದ ಮಗನಿಗೆ ಗಾರ್ಡಿಯನ್ ಆದೆ

ಮಗನಿಗೆ 18 ತುಂಬಿದ ಮರುವಾರ ಬ್ಯಾಂಕಿಗೆ ಹೋಗಿದ್ದೆ. ಅವನ ಖಾತೆಯಿಂದ ಎರಡು ಸಾವಿರ ತೆಗೆಯಬೇಕಿತ್ತು. "ಈಗ ಅವರೇ ಸಹಿ ಹಾಕ್ಬೇಕು ಮೇಡಂ" ಎಂದರು. ಇವನು ಪೆನ್ನು ಕೊಟ್ಟರೆ ಸೊನ್ನೆ ಸುತ್ತುತ್ತಾನೆ. ಬೌದ್ಧಿಕ ಅಂಗವೈಕಲ್ಯ, ಮಾತೂ ಕಡಿಮೆ. ಹೆತ್ತವಳು ಎಂದರೆ ಕೌಂಟರಿನಲ್ಲಿ ನಡೆಯಲಿಲ್ಲ. ಕೋರ್ಟ್ ಆದೇಶ ತನ್ನಿ ಎಂದರು.

ವಕೀಲರ ಮನೆಗೆ ಎರಡು ತಿಂಗಳು ಸುಮ್ನೆ ಅಲೆದೆ. ದಾರಿ ತೋರಿಸಿದ್ದು ಅವನ ಹಳೇ ಟೀಚರ್. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯೇ ಗಾರ್ಡಿಯನ್, ಅಂದರೆ ಅವರ ಪರವಾಗಿ ಕಾನೂನುಬದ್ಧವಾಗಿ ವ್ಯವಹರಿಸುವ ಪಾಲಕರನ್ನು, ನೇಮಿಸುತ್ತದೆ. ಅದರಲ್ಲಿ ಡಿಸಿ, ಟ್ರಸ್ಟಿನಲ್ಲಿ ನೋಂದಾಯಿಸಿದ ಒಂದು ಸಂಸ್ಥೆಯವರು, ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ಅರ್ಜಿಗೆ ಯುಡಿಐಡಿ ಕಾರ್ಡು (ಅಂಗವೈಕಲ್ಯದ ಗುರುತಿನ ಚೀಟಿ), ಆಧಾರ್, ವಯಸ್ಸಿನ ದಾಖಲೆ, ಫೋಟೋ ಕೊಟ್ಟೆ.

ಸಮಿತಿಯ ಮುಂದೆ ಮಗನನ್ನೂ ಕರೆದುಕೊಂಡು ಹೋದೆ. "ಊಟ ಆಯ್ತಾ?" ಎಂದು ಡಿಸಿ ಕೇಳಿದರೆ ಇವನು ಕೈ ಚಾಚಿ ಹೊಸ ವಾಚು ತೋರಿಸಿದ. ಯಾವ್ಯಾವುದಕ್ಕೆ ಗಾರ್ಡಿಯನ್ ಬೇಕು ಎಂಬ ಪ್ರಶ್ನೆ ಬಂತು. "ಎಲ್ಲದಕ್ಕೂ" ಎಂದೆ.

ವೀಲ್‌ಚೇರಿನಲ್ಲಿದ್ದ ಸದಸ್ಯರು ತಡೆದರು. "ಆ ವಾಚು ಆರಿಸಿದ್ದು ಯಾರು?"

ಅವನೇ. ಅಂಗಡಿಯವನು ಮೂರು ತೋರಿಸಿದರೂ ನೀಲಿ ಪಟ್ಟಿಯದನ್ನೇ ಬಿಗಿಯಾಗಿ ಹಿಡಿದಿದ್ದ. ನನ್ನಲ್ಲಿ ಉತ್ತರ ಇರಲಿಲ್ಲ. ಗಾರ್ಡಿಯನ್ ಬೇಕೇ, ಬೇಕಾದರೆ ಯಾವುದಕ್ಕೆ ಎಂದು ನೋಡಬೇಕು ಅಂತ ಕಾಯ್ದೆಯೇ ಹೇಳುತ್ತದಂತೆ. ಕೊನೆಗೆ ಹಣದ ವ್ಯವಹಾರ, ಪಿಂಚಣಿ, ಚಿಕಿತ್ಸೆಯ ಒಪ್ಪಿಗೆ ಎಂದು ಬರೆಸಿದೆ. ಬಟ್ಟೆ, ತಿಂಡಿ, ಯಾರ ಮನೆಗೆ ಹೋಗಬೇಕು ಎನ್ನುವುದೆಲ್ಲ ಅವನದೇ. ಮೊದಲೂ ಅವನದೇ ಆಗಿತ್ತು, ನಾನು ಗಮನಿಸಿರಲಿಲ್ಲ ಅಷ್ಟೇ.

ಪ್ರಮಾಣಪತ್ರ ಸಿಕ್ಕಿತು, ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲ್ಲ. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು. ಆಸ್ತಿ ಏನಿದೆ? ಒಂದು ಖಾತೆ, ಅಜ್ಜಿ ಕೊಟ್ಟ ಉಂಗುರ. ಅದನ್ನೇ ಬರೆದೆ. ಪ್ರತಿ ವರ್ಷ ಮಾರ್ಚ್ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ಮೊದಲ ವರ್ಷ ಬಿಲ್ಲುಗಳು ಡಬ್ಬಿಯಲ್ಲಿ, ಪರ್ಸಿನಲ್ಲಿ, ದೇವರ ಮನೆಯಲ್ಲಿ ಸಿಕ್ಕವು. ಈಗ ಅವನ ಹೆಸರಿಗೇ ಒಂದು ನೂರು ಪುಟದ ನೋಟ್‌ಬುಕ್ ಇದೆ. ರಾತ್ರಿ ಊಟವಾದ ಮೇಲೆ ಬರೆದುಬಿಡುತ್ತೇನೆ.

ಬ್ಯಾಂಕಿನಲ್ಲಿ ಆಮೇಲೂ ತಕರಾರು ಬಂತು. ಸಮಿತಿಯ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬಹುದು ಎಂಬ ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರತಿ ಮುಂದಿಟ್ಟೆ. ಮ್ಯಾನೇಜರ್ ಎರಡು ಸಲ ಓದಿ ಸೀಲು ಹೊಡೆದರು. ಆ ಪ್ರತಿ ಈಗ ಫೈಲಿನ ಮೊದಲ ಹಾಳೆ. ಫೈಲು ಬೀರುವಿನ ಎಡಗಡೆ ಇದೆ ಎಂದು ಮಗಳಿಗೂ ತೋರಿಸಿಟ್ಟಿದ್ದೇನೆ. ಮುಂದೆ ಅರ್ಜಿ ಹಾಕಬೇಕಾದವಳು ಅವಳೇ ಅಲ್ವಾ.