ಲಕ್ವ, ಸುಟ್ಟ ಗಾಯಗಳ ನಂತರ ಕೀಲು ಮಡಚಿ ಬಿಗಿಯದಂತೆ ಮನೆಯಲ್ಲಿ ಮಾಡಬೇಕಾದದ್ದು

ಲಕ್ವ ಹೊಡೆದು ಹಾಸಿಗೆ ಹಿಡಿದವರ ಮೊಣಕಾಲು ಮಡಚಿದಂತೆಯೇ ನಿಂತುಬಿಡುವುದು, ಬೆರಳುಗಳು ಅಂಗೈಯೊಳಗೆ ಸುರುಟಿಕೊಂಡು ಬಿಡಿಸಲು ಬಾರದಾಗುವುದು, ಸುಟ್ಟ ಗಾಯ ಮಾಯುವಾಗ ಕುತ್ತಿಗೆಯ ಚರ್ಮ ಗದ್ದವನ್ನು ಎದೆಯತ್ತ ಎಳೆದುಕೊಳ್ಳುವುದು, ಇವೆಲ್ಲವನ್ನೂ ವೈದ್ಯರು ಕಾಂಟ್ರ್ಯಾಕ್ಚರ್ ಎಂದು ಕರೆಯುತ್ತಾರೆ. ಗಿಡ್ಡವಾದ ಸ್ಥಿತಿಯಲ್ಲೇ ವಾರಗಟ್ಟಲೆ ಉಳಿದ ಸ್ನಾಯು ಆ ಅಳತೆಗೇ ಒಗ್ಗಿ ತನ್ನ ಉದ್ದವನ್ನು ಕಳೆದುಕೊಳ್ಳುತ್ತದೆ. ಕೀಲನ್ನು ಸುತ್ತುವರಿದ ಪೊರೆಯೂ ಗಡುಸಾಗುತ್ತದೆ. ಮೊದಲ ವಾರಗಳಲ್ಲೇ ಎಚ್ಚೆತ್ತರೆ ಇದನ್ನು ಬಹುಮಟ್ಟಿಗೆ ಹಿಡಿತದಲ್ಲಿ ಇಡಬಹುದು, ತಿಂಗಳುಗಳು ಕಳೆದ ಮೇಲೆ ಬಿಡಿಸುವುದು ಬಹಳ ಕಷ್ಟ.

ರಾಯಚೂರು, ಕೊಪ್ಪಳ ಸೀಮೆಯ ಅನೇಕ ಮನೆಗಳಲ್ಲಿ ಬೆಳಗ್ಗೆ ಎಣ್ಣೆ ಹಚ್ಚಿ ತಿಕ್ಕಿ, ಕೈಕಾಲುಗಳನ್ನು ಹತ್ತು ನಿಮಿಷ ಎಳೆದುಬಿಟ್ಟರೆ ಅಂದಿನ ಕೆಲಸ ಮುಗಿಯಿತೆಂಬ ನಂಬಿಕೆಯಿದೆ. ಹಗುರವಾಗಿ ತಿಕ್ಕಿದರೆ ರೋಗಿಗೆ ಹಿತವೆನಿಸುತ್ತದೆ, ಅದಕ್ಕೆ ಅಡ್ಡಿಯಿಲ್ಲ; ಮೀನಖಂಡ ಊದಿ ಬಿಸಿಯಾಗಿದ್ದರೆ ಮಾತ್ರ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಂಭವವಿರುವುದರಿಂದ ತಿಕ್ಕದೆ ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು. ಆದರೆ ಎಳೆತದ ಚಿಕಿತ್ಸೆಯ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಏಳು ತಿಂಗಳಿಗಿಂತ ಕಡಿಮೆ ಕಾಲ ನೀಡಿದ ಎಳೆತದಿಂದ ನರಸಂಬಂಧಿ ಕಾಯಿಲೆಯವರ ಕೀಲಿನ ಚಲನೆಗೆ ಗಣನೀಯ ಲಾಭ ಕಂಡುಬರಲಿಲ್ಲ. ಕೈಯಿಂದ ಎಳೆಯುವುದಷ್ಟೇ ಅಲ್ಲ, ಪಟ್ಟಿ (ಕೀಲನ್ನು ಚಾಚಿದ ಸ್ಥಿತಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್) ಕಟ್ಟುವುದು, ಒಂದು ಭಂಗಿಯಲ್ಲಿ ಇರಿಸುವುದು ಕೂಡ ಆ ಲೆಕ್ಕದಲ್ಲಿದ್ದವು. ಹೀಗಿರುವಾಗ ಯಾವುದೋ ಒಂದೇ ಉಪಾಯವನ್ನು ನೆಚ್ಚಿ ಕೂರದೆ, ರೋಗಿ ಸ್ವತಃ ಆ ಅಂಗವನ್ನು ಬಳಸುವಂತೆ ಮಾಡುವುದಕ್ಕೆ ಮೊದಲ ಸ್ಥಾನವನ್ನೂ, ಇಡೀ ದಿನ ಮಡಚಿಕೊಂಡೇ ಇರದಂತೆ ನೋಡಿಕೊಳ್ಳುವುದಕ್ಕೆ ಎರಡನೆಯ ಸ್ಥಾನವನ್ನೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ವೈದ್ಯರು ಒಪ್ಪಿಗೆ ಕೊಟ್ಟ ಕೂಡಲೇ ರೋಗಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ, ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರುವಂತೆ ಮಾಡಬೇಕು; ಅನಂತರ ಆಸರೆ ಕೊಟ್ಟು ನಿಲ್ಲಿಸಬೇಕು. ಹಿಮ್ಮಡಿ ನೆಲಕ್ಕೆ ತಾಗಿ ಮೈಭಾರ ಅದರ ಮೇಲೆ ಬಿದ್ದಾಗ ಮೀನಖಂಡಕ್ಕೆ ಸಿಗುವಂಥ ಎಳೆತವನ್ನು ಕೈಯಿಂದ ಕೊಡುವುದು ಸುಲಭವಲ್ಲ. ಜೋಳದ ರೊಟ್ಟಿ ಮುರಿಯುವಾಗ ಸೋತ ಕೈಯಿಂದ ರೊಟ್ಟಿಯನ್ನು ಒತ್ತಿ ಹಿಡಿಯುವುದು, ನೀರಿನ ಚೊಂಬನ್ನು ಎರಡೂ ಕೈಗಳಿಂದ ಎತ್ತುವುದು, ಮುಖ ತೊಳೆಯುವಾಗ ಆ ಕೈಯನ್ನೂ ಮುಖದವರೆಗೆ ತರುವುದು, ಇಂಥ ಕೆಲಸಗಳು ದಿನಕ್ಕೆ ಹಲವು ಬಾರಿ ತಾವಾಗಿಯೇ ಬರುತ್ತವೆ. ಕರುಣೆಯಿಂದ ಮನೆಯವರೇ ಎಲ್ಲವನ್ನೂ ಮಾಡಿಕೊಟ್ಟರೆ ಆ ಅವಕಾಶ ತಪ್ಪಿಹೋಗುತ್ತದೆ.

ಇನ್ನು ಮಲಗುವ ಜಾಗ. ನುಲಿಯ ಹೊರಸು ಬೇಸಿಗೆಯ ರಾತ್ರಿ ಅಂಗಳದಲ್ಲಿ ಮಲಗುವವರಿಗೆ ಸುಖವೇ ಹೊರತು ಹಾಸಿಗೆ ಹಿಡಿದವರಿಗೆ ತಕ್ಕದ್ದಲ್ಲ. ನಡುಭಾಗ ಜೋತುಬಿದ್ದಾಗ ಸೊಂಟವೂ ಮೊಣಕಾಲೂ ಬಾಗಿಕೊಂಡೇ ಇರುತ್ತವೆ. ಹಲಗೆಯ ಮಂಚದ ಮೇಲೆ ಗಾದಿ ಹಾಕುವುದು ಉತ್ತಮ. ಮೊಣಕಾಲ ಕೆಳಗೆ ಸದಾ ದಿಂಬು ಇಡಬಾರದು. ಮೊಣಕಾಲ ಕೆಳಗಿನ ಭಾಗವನ್ನು ಕತ್ತರಿಸಿ ತೆಗೆದವರಿಗಂತೂ ಈ ಎಚ್ಚರಿಕೆ ಇನ್ನೂ ಮುಖ್ಯ, ಏಕೆಂದರೆ ಮಡಚಿ ಬಿಗಿದ ಮೊಣಕಾಲಿಗೆ ಕೃತಕ ಕಾಲು ಕೂರಿಸುವುದು ಕಷ್ಟವಾಗುತ್ತದೆ. ಕೌದಿಯನ್ನು ಸುರುಳಿ ಸುತ್ತಿ ತೊಡೆಯ ಹೊರಮಗ್ಗುಲಿಗೆ ಆನಿಸಿದರೆ ಕಾಲು ಹೊರಕ್ಕೆ ಹೊರಳುವುದಿಲ್ಲ. ಭಾರವಾದ ಹೊದಿಕೆ ಪಾದವನ್ನು ಕೆಳಕ್ಕೆ ಒತ್ತದಿರಲಿ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹತ್ತಿ ಬಿಡಿಸುವ ಅಥವಾ ಭತ್ತ ನಾಟಿಯ ದಿನಗಳಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದಾದರೆ, ಮಗ್ಗುಲು ಬದಲಿಸುವ ಕ್ರಮವನ್ನು ನೆರೆಮನೆಯವರಿಗಾದರೂ ಮೊದಲೇ ಕಲಿಸಿಡಬೇಕು.

ರೋಗಿಯಿಂದ ಸ್ವತಃ ಅಲುಗಾಡಿಸಲು ಆಗದ ಕೀಲನ್ನು ಮನೆಯವರು ದಿನಕ್ಕೆ ಎರಡು ಬಾರಿಯಾದರೂ ಆಡಿಸಬೇಕು. ಒಂದು ಕೈಯಿಂದ ಕೀಲಿನ ಮೇಲ್ಭಾಗವನ್ನೂ ಇನ್ನೊಂದರಿಂದ ಕೆಳಭಾಗವನ್ನೂ ಹಿಡಿದು, ನಿಧಾನವಾಗಿ, ಬಿಗಿತ ತಿಳಿಯುವವರೆಗೆ ಚಾಚಿ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಬೇನೆ ಎಂದು ಮುಖ ಕಿವುಚಿದರೆ ಅಲ್ಲಿಗೆ ಬಿಡಬೇಕು. ಬಹುಕಾಲ ಹಾಸಿಗೆಯಲ್ಲಿದ್ದವರ ಮೂಳೆ ಸವೆದಿರುವುದರಿಂದ ಜೋರಾಗಿ ಜಗ್ಗಿದರೆ ಮುರಿಯಬಹುದು. ಲಕ್ವದ ಕೈಯನ್ನು ಹಿಡಿದೆಳೆದು ಎಬ್ಬಿಸುವುದಂತೂ ಸಲ್ಲದು, ಅದರಿಂದ ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಸುಟ್ಟ ಗಾಯದ ವಿಷಯದಲ್ಲಿ ಭಂಗಿಯ ಮಾತು ಬೇರೆ: ಇಲ್ಲಿ ರೋಗಿಗೆ ಹಿತವಾಗುವ ಭಂಗಿಯೇ ಅಂಗ ಸೆಟೆಯುವ ಭಂಗಿ. ಕುತ್ತಿಗೆಯ ಮುಂಭಾಗ ಸುಟ್ಟಿದ್ದರೆ ತಲೆದಿಂಬು ತೆಗೆಯಬೇಕು. ಕಂಕುಳು ಸುಟ್ಟಿದ್ದರೆ ತೋಳನ್ನು ಮೈಯಿಂದ ಸುಮಾರು 90 ಡಿಗ್ರಿ ದೂರ ಚಾಚಿಡಬೇಕು. ಮೊಣಕೈ ಅಥವಾ ಮೊಣಕಾಲಿನ ಒಳಮಡಿಕೆ ಸುಟ್ಟಿದ್ದರೆ ನೇರವಾಗಿಡಬೇಕು. ಬೆರಳುಗಳ ನಡುವೆ ಬೇರೆ ಬೇರೆಯಾಗಿ ಬಟ್ಟೆ ಸುತ್ತದಿದ್ದರೆ ಅವು ಒಂದಕ್ಕೊಂದು ಅಂಟಿ ಮಾಯುತ್ತವೆ. ಗಾಯ ಒಣಗಿದ ಮೇಲೂ ಕಲೆ ತಿಂಗಳುಗಟ್ಟಲೆ, ಕೆಲವರಲ್ಲಿ ಒಂದು ವರ್ಷಕ್ಕೂ ಮೀರಿ ಬಿಗಿಯುತ್ತಲೇ ಇರುವುದರಿಂದ, ವೈದ್ಯರು ಕೊಟ್ಟ ಪಟ್ಟಿಯನ್ನು ಗಾಯ ಮಾಯಿತೆಂದು ಬಿಚ್ಚಿಡಬಾರದು. ನಮ್ಮ ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಪಟ್ಟಿಯ ಕೆಳಗೆ ಬೆವರು ನಿಂತು ಚರ್ಮ ಹುಣ್ಣಾಗುತ್ತದೆ. ತೆಳುವಾದ ಹತ್ತಿಬಟ್ಟೆಯನ್ನು ಒಳಗೆ ಹಾಕಿ, ತೆಗೆದಾಗಲೆಲ್ಲ ಚರ್ಮ ನೋಡಬೇಕು. ಅರ್ಧ ಗಂಟೆಯಾದರೂ ಆರದ ಕೆಂಪು ಇದ್ದರೆ ಪಟ್ಟಿಯನ್ನು ಸರಿಪಡಿಸಿಕೊಳ್ಳದೆ ಮತ್ತೆ ಕಟ್ಟಬಾರದು.

ಈಗಾಗಲೇ ಕೀಲು ಬಿಗಿದಿದ್ದರೆ ರಾಯಚೂರಿನ ರಿಮ್ಸ್, ಬಳ್ಳಾರಿಯ ಅಥವಾ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ತಜ್ಞರಿಗೆ ತೋರಿಸಬೇಕು. ನರದ ಸೆಳೆತವೇ ಮುಖ್ಯ ಕಾರಣವಾಗಿದ್ದರೆ ಬ್ಯಾಕ್ಲೊಫೆನ್‌ನಂಥ ಮಾತ್ರೆಯನ್ನೋ, ಸುಮಾರು ಮೂರು ತಿಂಗಳು ಪರಿಣಾಮ ಉಳಿಯುವ ಬೊಟುಲಿನಮ್ ಚುಚ್ಚುಮದ್ದನ್ನೋ ಕೊಡುತ್ತಾರೆ; ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಸ್ನಾಯುವೇ ಗಿಡ್ಡವಾಗಿದ್ದರೆ ಪ್ಲಾಸ್ಟರನ್ನು ಕೆಲವು ದಿನಗಳಿಗೊಮ್ಮೆ ಬದಲಿಸುತ್ತ ಹಂತಹಂತವಾಗಿ ಚಾಚಿಸಲು ಪ್ರಯತ್ನಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುವನ್ನು ಉದ್ದ ಮಾಡುವ ಅಥವಾ ಸುಟ್ಟ ಕಲೆಯನ್ನು ಬಿಡಿಸಿ ಚರ್ಮ ಕಸಿ ಮಾಡುವ ಶಸ್ತ್ರಚಿಕಿತ್ಸೆಯಿದೆ. ಒಪ್ಪಿಗೆಗೆ ಸಹಿ ಹಾಕುವ ಮುನ್ನ, ಆಮೇಲೆ ಪಟ್ಟಿಯನ್ನು ಎಷ್ಟು ತಿಂಗಳು ಕಟ್ಟಬೇಕು, ವ್ಯಾಯಾಮಕ್ಕೆ ಎಷ್ಟು ಸಲ ಬರಬೇಕು ಎಂದು ಕೇಳಿಕೊಳ್ಳಬೇಕು. ಅಷ್ಟು ಕಾಲ ರೋಗಿಯನ್ನು ಕರೆದೊಯ್ಯಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲದಿದ್ದರೆ ಬಿಡಿಸಿದ ಕೀಲು ಮತ್ತೆ ಬಿಗಿಯುತ್ತದೆ, ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಸುಗ್ಗಿ ಮುಗಿದ ಮೇಲಕ್ಕೆ ಕೇಳಿಕೊಳ್ಳಬಹುದೇ ಎಂದೂ ವೈದ್ಯರೊಂದಿಗೆ ಚರ್ಚಿಸಬೇಕು.